ಮೇಸ್ತ್ರಿಯ ಕಿರುಬೆರಳು

ಕಣ್ಣು ಮಂಜಾದ ಮೇಲೆ ಮೇಸ್ತ್ರಿಗೆ ಉಳಿದಿದ್ದ ಅಧಿಕಾರವೆಲ್ಲ ಅವರ ಬಲಗೈಯ ಕಿರುಬೆರಳಿನಲ್ಲಿತ್ತು. ಆ ಬೆರಳಿನ ಉಗುರನ್ನು ಮಾತ್ರ ಅವರು ಒಂಚೂರು ಉದ್ದ ಬಿಟ್ಟುಕೊಂಡಿದ್ದರು. ಗಾಜಿನಂಥ ಅಕ್ರಿಲಿಕ್ ಹಾಳೆಗೆ ತೂತು ಕೊರೆದು ಮುಂದಿಟ್ಟರೆ ಉಗುರನ್ನು ತೂತಿನ ಅಂಚಿಗೆ ತಾಗಿಸಿ ಒಂದು ಸುತ್ತು ಹಾಕುತ್ತಿದ್ದರು. ಎಲ್ಲೂ ತಡೆಯದೆ ಜಾರಿದರೆ "ಬೆಣ್ಣೆ" ಎನ್ನುತ್ತಿದ್ದರು. ಎಲ್ಲಾದರೂ ಸಿಕ್ಕಿಕೊಂಡರೆ "ಇಲಿ ಕಡಿದಿದೆ". ಇವೆರಡರ ನಡುವೆ ಅವರಲ್ಲಿ ಬೇರೆ ಮಾತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಬೋರ್ಡ್ ಅಂಗಡಿ. ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಹಾಳೆಗಳು, ಬಣ್ಣದ ಡಬ್ಬಿಗಳು, ಬಣ್ಣ ತೆಳು ಮಾಡುವ ತಿನ್ನರ್ ಬಾಟಲಿ, ಸ್ಕ್ರೂ ಮತ್ತು ಚಿಲಕಗಳ ಡ್ರಾಯರ್. ಒಳಗೆ ಪಲ್ಯಕ್ಕೆ ಒಗ್ಗರಣೆ ಹಾಕಿದರೆ ಹೊರಗೆ ಕೂತ ಗಿರಾಕಿ ಸೀನುತ್ತಿದ್ದ. ಮೇಸ್ತ್ರಿ ಆ ಮೇಜಿನ ಮುಂದೆ ನಿಂತೇ ಒಂದು ಮಗ, ಒಂದು ಮಗಳನ್ನು ಬೆಳೆಸಿದ್ದರು. ಈಗ ಮೇಜು ಮಗನದು. ಮೇಸ್ತ್ರಿಯದು ಮೂಲೆಯ ಕುರ್ಚಿ, ಆ ಬೆರಳು. ಮಾಡಿದ ಕೆಲಸವನ್ನು ತಂದು ತೋರಿಸಿದರೆ ಮಾತ್ರ ಬೆರಳಿಗೂ ಕೆಲಸ.

ಮಗಳನ್ನು ಚಿಕ್ಕಂದಿನಿಂದಲೂ ಮೊಂಡಿ ಎಂದೇ ಕರೆದದ್ದು. ಮದುವೆಯಾಗಿ ಹೋಗಿದ್ದವಳು ಒಂದು ಬ್ಯಾಗು ಹಿಡಿದು ತಿರುಗಿ ಬಂದಿದ್ದಳು. ಅತ್ತಿಗೆ ಬಾಗಿಲಲ್ಲೇ ವಿಚಾರಣೆ ಮುಗಿಸಿದ್ದಳು.

"ಹೊಡಿತಾನಾ?"

"ಇಲ್ಲ."

"ಕುಡಿತಾನಾ?"

"ಇಲ್ಲ."

"ಇನ್ನೊಬ್ಬಳಿದಾಳಾ?"

"ಇಲ್ಲ ಅತ್ತಿಗೆ. ಮನೇಲಿ ಒಂದು ಬಾಗಿಲಿಗೂ ಒಳಗಡೆ ಚಿಲಕ ಇಲ್ಲ. ಎಲ್ಲಾ ಬಿಚ್ಚಿಹಾಕಿದಾರೆ."

ಅತ್ತಿಗೆ ಅದನ್ನು ಬೀದಿಗೆಲ್ಲ ಹಂಚಿದಳು. "ಗಂಡ ಹೊಡೆದ ಅಂತ ಬಂದವರನ್ನ ನೋಡಿದೀನಿ. ಚಿಲಕ ಇಲ್ಲ ಅಂತ ಬಂದವಳು ನಮ್ಮನೇಲೇ ಇರೋದು. ಬೇಕಿದ್ರೆ ನೋಡ್ಕೊಂಡು ಹೋಗಿ."

ನಗುವವರಿಗೇನು. ಮೊಂಡಿ ಒಮ್ಮೆ ಜಗಳವಾಡಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಮಾರನೆಯ ದಿನ ಗಂಡ ಸ್ಕ್ರೂಡ್ರೈವರ್ ಹಿಡಿದು ಸಿಳ್ಳೆ ಹಾಕುತ್ತ ಮನೆಯಿಡೀ ಓಡಾಡಿ, ಮಲಗುವ ಕೋಣೆಯದು, ಬಚ್ಚಲಿನದು, ಕೊನೆಗೆ ಕಕ್ಕಸಿನದೂ ಸೇರಿಸಿ ಒಳಗಿನ ಚಿಲಕಗಳನ್ನೆಲ್ಲ ಬಿಚ್ಚಿದ. "ನನ್ನ ಮನೇಲಿ ನನಗೆ ಹಾಕಿದ ಬಾಗಿಲು ಅಂತ ಒಂದು ಇರಬಾರದು" ಎಂದ. ಕೂಗಲಿಲ್ಲ. ಅವನು ಕೂಗುವವನಲ್ಲ. ಆಮೇಲೆ ಅವಳು ಸ್ನಾನಕ್ಕೆ ಹೋದಾಗ ಬಾಗಿಲು ತೆರೆದು, ಚೌಕಟ್ಟಿಗೆ ಒರಗಿ, ಚಹಾ ಮುಗಿಯುವ ತನಕ ನೋಡುತ್ತ ನಿಲ್ಲುತ್ತಿದ್ದ. ಒಂದು ದಿನ ಪಡಸಾಲೆಯಲ್ಲಿ ಅವನ ಗೆಳೆಯರು ಕೂತಿದ್ದಾಗ ಹಾಗೇ ತೆರೆದು, ಹಾಗೇ ಬಿಟ್ಟು ಹೋದ. ಚಿಲಕ ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳು. ಅವಳು ನೆಲದ ಮೇಲೆ ಕುಕ್ಕರಿಸಿ, ಬಕೆಟ್ ಮರೆಮಾಡಿಕೊಂಡು, ಆ ತೂತುಗಳನ್ನೇ ನೋಡುತ್ತಿದ್ದಳು. ಇದನ್ನು ಅತ್ತಿಗೆಗೆ ಹೇಗೆ ಹೇಳುವುದು? ಅಣ್ಣನಿಗಂತೂ ಹೇಳುವಂತಿಲ್ಲ. ಅಪ್ಪನಿಗೆ ಹೇಳಿದ್ದಳು. ಮೇಸ್ತ್ರಿ "ಮರದ ಬಾಗಿಲಾ?" ಎಂದು ಕೇಳಿದ್ದರು.

ಬಂದವಳು ಸುಮ್ಮನೆ ಕೂರಲಿಲ್ಲ. ಅಪ್ಪನ ಕೈ ನಡುಗುತ್ತಿತ್ತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವುದು ಅವಳ ಕೆಲಸವಾಯಿತು. ಮೇಸ್ತ್ರಿ ಅದಕ್ಕೆ ಬದಲಾಗಿ ಎಂಬಂತೆ ತಮ್ಮ ಹಳೆಯ ಕೈ ಡ್ರಿಲ್ ತೆಗೆಸಿ, ಹಲ್ಲಿನ ಚಕ್ರಕ್ಕೆ ಎಣ್ಣೆ ಬಿಡಿಸಿ, ಅವಳಿಗೆ ಕಲಿಸತೊಡಗಿದರು. ಚೂರುಪಾರು ಹಾಳೆಗಳ ಮೇಲೆ ಅವಳು ಕೊರೆದಳು, ಒಡೆದಳು, ಮತ್ತೆ ಕೊರೆದಳು.

"ಅಕ್ರಿಲಿಕ್ ಅನ್ನೋದು ನೋಡೋಕೆ ಗಾಜು, ಸ್ವಭಾವದಲ್ಲಿ ನೆಂಟ" ಎನ್ನುತ್ತಿದ್ದರು ಮೇಸ್ತ್ರಿ. "ಅವಸರ ಮಾಡಿದ್ರೆ ಮುನಿಸ್ಕೊಳುತ್ತೆ. ಬಿಸಿ ಆದ್ರೆ ಕರಗಿ ಅಂಟುತ್ತೆ. ಅಂಚಿನ ಹತ್ರ ಕೆಣಕಿದ್ರೆ ಸೀಳುತ್ತೆ. ಮತ್ತೆ ತಿನ್ನರ್ ಮಾತ್ರ ಹತ್ರ ತರಬೇಡ. ಹೊಸ ತೂತಿಗೆ ತಿನ್ನರ್ ಹನಿ ಬಿತ್ತು ಅಂದ್ರೆ, ಬೆಳಗಾಗೋದ್ರೊಳಗೆ ಸುತ್ತ ಜೇಡನ ಕಾಲು ಮೂಡುತ್ತೆ. ಕೈತಪ್ಪಿನ ಬಿರುಕು ಒಂದೇ ಗೆರೆ, ಅಂಚಿಗೆ ಓಡುತ್ತೆ. ತಿನ್ನರ್ ಬಿರುಕು ಹಾಗಲ್ಲ, ಸುತ್ತಲೂ ಕೂದಲು ಕೂದಲು."

ಅದು ಆ ಮನೆಯ ಪಾಠ. ಅಣ್ಣನಿಗೂ ಅದೇ ಪಾಠ, ಅವಳಿಗೂ ಅದೇ.

ಒಂದು ದಿನ ಮೊಂಡಿ ಅಣ್ಣನಿಗೆ ನೇರವಾಗಿ ಕೇಳಿದಳು. "ಅಣ್ಣ, ನಾನು ವಾಪಸ್ ಹೋಗಲ್ಲ. ಕೊರೆಯೋ ಕೆಲಸ ನನಗೆ ಬಿಡು. ಇಲ್ಲೇ ಮಾಡ್ಕೊಂಡಿರ್ತೀನಿ."

ಅಣ್ಣ ನಕ್ಕ. ಅವನು ನಗುವುದೇ ಹಾಗೆ, ಮೊದಲು ಹೆಂಡತಿಯ ಕಡೆ ನೋಡಿ. "ಡ್ರಿಲ್ ಅಂದ್ರೆ ಕೂದಲಿಗೆ ಕ್ಲಿಪ್ ಹಾಕ್ಕೊಂಡ ಹಾಗೆ ಅನ್ಕೊಂಡ್ಯಾ?"

"ಪರೀಕ್ಷೆ ಮಾಡು."

"ಮಾಡ್ತೀನಿ. ಔಷಧಿ ಅಂಗಡಿ ಕೌಂಟರ್‌ಗೆ ನೇತುಹಾಕೋ ಎರಡು ಹಾಳೆ ಇದೆ. ಎರಡೂ ಒಂದೇ ಅಳತೆ, ಮೂಲೆಗೊಂದು ತೂತು. ಒಂದು ನೀನು ಕೊರಿ, ಒಂದು ನಾನು. ಬೆಳಿಗ್ಗೆ ಅಪ್ಪ ಬೆರಳಿಡಲಿ. ನಿಂದು ಬೆಣ್ಣೆ ಆದ್ರೆ ಇಲ್ಲೇ ಇರು, ನಾನೇ ನಿನಗೆ ಸ್ಟೂಲ್ ಮಾಡಿಸ್ಕೊಡ್ತೀನಿ. ಇಲಿ ಕಡಿದಿದ್ರೆ, ಒಂದು ಬಿರುಕು ಇದ್ರೂ, ಬಾಯಿ ಮುಚ್ಕೊಂಡು ಭಾವನ ಕಾರು ಹತ್ತು."

"ಆಯ್ತು" ಎಂದಳು ಮೊಂಡಿ. ಅವಳ ಗಂಡನಿಗೆ ಬೆಳಿಗ್ಗೆ ಬನ್ನಿ ಎಂದು ಅಣ್ಣ ಆಗಲೇ ಫೋನ್ ಮಾಡಿಯಾಗಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ಫೋನಿನ ಮಾತು ಕೇಳಿಸಿಕೊಂಡಿದ್ದ ಮೇಸ್ತ್ರಿಗೆ ಗೊತ್ತಿತ್ತು.

ಹಾಳೆಗಳ ಎರಡೂ ಬದಿಗೆ ಕಂದು ಕಾಗದ ಅಂಟಿತ್ತು. ಗುರುತಿಗೆ ಇರಲಿ ಎಂದು ಅಣ್ಣ ಅವಳ ಹಾಳೆಯ ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಕತ್ತರಿ ಗುರುತು ಹಾಕಿದ. ತನ್ನದನ್ನು ಮೊದಲು ಕೊರೆದ. ಕರೆಂಟಿನ ಡ್ರಿಲ್, ಕಿವಿ ಮತ್ತು ಭುಜದ ನಡುವೆ ಫೋನು. ಗುರ್ ಎಂದು ಇಳಿಸಿದ, ಗುರ್ ಎಂದು ಎತ್ತಿದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ತೂತಿನ ಬಾಯಲ್ಲಿ ಕರಗಿ ಗಟ್ಟಿಯಾದ ಉಂಡೆಗಳನ್ನು ಬ್ಲೇಡಿನಲ್ಲಿ ಕೆರೆದ. "ಇಷ್ಟೇ ಕೆಲಸ. ಇದಕ್ಕೆ ಯಾಕೆ ಪುರಾಣ."

ಮೊಂಡಿ ಉಂಗುರ ತೆಗೆದಿಟ್ಟಳು. ಕೂದಲು ಸುತ್ತಿ ಗಂಟು ಹಾಕಿದಳು, ತೋಳು ಮಡಚಿದಳು, ಅಣ್ಣ ಎಂದೂ ಹಾಕದ ಕೆಲಸದ ಕನ್ನಡಕ ಹಾಕಿಕೊಂಡಳು. ಹಾಳೆಯ ಕೆಳಗೆ ಒಂದು ಸಪಾಟಾದ ಹಲಗೆ ಕೊಟ್ಟು ಎರಡನ್ನೂ ಸೇರಿಸಿ ಮೇಜಿಗೆ ಬಿಗಿದಳು. ಡ್ರಿಲ್ಲಿಗೆ ಸಿಕ್ಕಿಸುವ ಬೈರಿಗೆಯ ಮೊನೆಯನ್ನು ಮೇಸ್ತ್ರಿ ಮೊದಲೇ ಸಾಣೆಕಲ್ಲಿಗೆ ತಿಕ್ಕಿಸಿ ಮೊಂಡು ಮಾಡಿಸಿದ್ದರು. ಚೂಪಾದ ಮೊನೆ ಅಕ್ರಿಲಿಕ್ಕನ್ನು ಕಚ್ಚಿ ಎಳೆಯುತ್ತದೆ, ಮೊಂಡು ಮೊನೆ ಕೆರೆದುಕೊಂಡು ಇಳಿಯುತ್ತದೆ.

ಅತ್ತಿಗೆ ಸೋಪಿನ ನೀರಿನ ಲೋಟ ಹಿಡಿದು ನಿಂತಳು. ತೂತಿಗೆ ಹನಿ ಹನಿ ಬಿಡುವುದು ಅವಳ ಪಾಲಿನ ಕೆಲಸ.

"ಮಗುಗೆ ಹಾಲು ಕುಡಿಸಿದ ಹಾಗಿದೆ" ಎಂದಳು.

"ಇನ್ನೊಂದು ಹನಿ ಅತ್ತಿಗೆ."

"ಗಂಡನ ಹತ್ರ ಇಷ್ಟು ತಾಳ್ಮೆ ಇಟ್ಕೊಂಡಿದ್ರೆ ಈ ಗತಿ ಬರ್ತಿತ್ತಾ?"

ಮೊಂಡಿ ಹಿಡಿ ತಿರುಗಿಸುತ್ತಲೇ ಇದ್ದಳು. ಬೈರಿಗೆಯ ಪಕ್ಕದಿಂದ ಬಿಳಿಯ ಸುರುಳಿ ರಿಬ್ಬನ್ನಿನಂತೆ ತುಂಡಾಗದೆ ಎದ್ದು ಬರುತ್ತಿತ್ತು. ಆಗಾಗ ಬೈರಿಗೆ ಎತ್ತಿ, ಸುರುಳಿ ಬಿಡಿಸಿ, ತಣಿಯಲು ಬಿಟ್ಟು ಮತ್ತೆ ಇಳಿಸಿದಳು. ಕೆಳಗಿನ ಮುಖ ಸಮೀಪಿಸಿದಾಗ ಕೈಯ ಭಾರ ಪೂರ್ತಿ ತೆಗೆದಳು. ಎಲ್ಲ ಹಾಳೆ ಒಡೆಯುವುದು ಅಲ್ಲೇ, ಇನ್ನೇನು ಮುಗಿಯಿತು ಎಂದುಕೊಂಡಾಗ. ಬೈರಿಗೆ ಹಲಗೆಯ ಮರಕ್ಕೆ ತಾಗಿದ ಮೆತ್ತನೆಯ ಸದ್ದು ಕೇಳಿ ಮೂಲೆಯ ಕುರ್ಚಿಯಲ್ಲಿದ್ದ ಮೇಸ್ತ್ರಿ ತಲೆ ಎತ್ತಿದರು.

ಕೊರೆದ ಹಾಳೆ ಒಂದು ರಾತ್ರಿ ಮಲಗಬೇಕು ಎಂಬುದು ಆ ಮನೆಯ ನಿಯಮ. ಬಿರುಕು ಬಿಡುವ ಹಾಳೆಯಾದರೆ ಬೆಳಿಗ್ಗೆಯೊಳಗೆ ಬಿಟ್ಟಿರುತ್ತದೆ. ಗಿರಾಕಿಯ ಮನೆಯಲ್ಲಿ ಬಿಡುವುದಕ್ಕಿಂತ ನಮ್ಮ ಮೇಜಿನ ಮೇಲೆ ಬಿಡಲಿ ಎಂದು. ಎರಡೂ ಹಾಳೆಗಳನ್ನು ಕಾಗದ ಕೀಳದೆ ಪಕ್ಕಪಕ್ಕ ಮಲಗಿಸಿ ಎಲ್ಲರೂ ಊಟಕ್ಕೆ ಕೂತರು. ಮೇಸ್ತ್ರಿ ಮಾತ್ರ ತಡವಾಗಿ ಬಂದರು.

"ಎಲ್ಲಿದ್ರಿ ಅಪ್ಪ? ಅನ್ನ ಆರಿಹೋಯ್ತು" ಎಂದಳು ಮೊಂಡಿ.

"ಕೈ ತೊಳ್ಕೋತಿದ್ದೆ ಕಣಮ್ಮ."

ಅವರು ಅನ್ನ ಕಲಸಿ, ತುತ್ತನ್ನು ಬಾಯಿಯ ಹತ್ತಿರ ತಂದು, ಮತ್ತೆ ತಟ್ಟೆಗೇ ಇಟ್ಟರು. "ಚಮಚ ಕೊಡು" ಎಂದರು. ಮೊಂಡಿ ಎದ್ದು ಹೋಗಿ ತಂದುಕೊಟ್ಟಳು.

ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ಅವಳಿಗೆ ಚಮಚದ ಕಾರಣ ತಿಳಿಯಿತು. ಮೇಸ್ತ್ರಿ ಎಂದಿನಂತೆ ಎರಡೂ ಕೈ ಅವಳ ಭುಜದ ಮೇಲೆ ಇಟ್ಟು ನಿಂತಿದ್ದರು. ಬಲಗೈಯಿಂದ, ಸೋಪಿನ ಪರಿಮಳದ ಅಡಿಯಿಂದ, ತಿನ್ನರ್ ವಾಸನೆ ಬರುತ್ತಿತ್ತು. ಅಂಗಿಯ ತೋಳಿನ ತುದಿಯಲ್ಲೂ ಇತ್ತು.

ಅವಳ ಬೆರಳು ಮೂರನೆಯ ಗುಂಡಿಯಲ್ಲಿ ನಿಂತಿತು.

"ಅಪ್ಪ, ಬಣ್ಣದ ಕೆಲಸ ಏನಾದ್ರೂ ಮಾಡಿದ್ರಾ?"

"ನನ್ನ ಕೈಲಿ ಎಲ್ಲಿ ಆಗುತ್ತೆ ಮಗಳೇ."

ಅವಳು ಅರ್ಧ ಅಂಗಿ ಬಿಟ್ಟು ಮುಂದಿನ ಕೋಣೆಗೆ ಹೋದಳು. ಮೇಜಿನ ಕೆಳಗೆ ಹತ್ತಿಯ ಬತ್ತಿ ಬಿದ್ದಿತ್ತು, ಮೂಸಿದಳು. ಕತ್ತರಿ ಗುರುತಿನ ಹಾಳೆಯ ಕಾಗದ ಹಿಡಿದು ಸರ್ರನೆ ಎಳೆದಳು. ತಿರುಗಿಸಿ ಇನ್ನೊಂದು ಬದಿಯದನ್ನೂ ಎಳೆದಳು. ಬೆಳಕಿಗೆ ಎತ್ತಿ ಹಿಡಿದರೆ, ಹಾಳೆ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ನಾಲ್ಕು ತೂತುಗಳೂ ನೀರಿನ ಗುಳ್ಳೆಯ ಹಾಗೆ ಸ್ವಚ್ಛ.

ಅರ್ಥವಾಗದೆ ಅಣ್ಣನ ಹಾಳೆಯ ಕಾಗದವನ್ನೂ ಕಿತ್ತಳು. ಪ್ರತಿ ತೂತಿನ ಸುತ್ತಲೂ ಜೇಡನ ಕಾಲುಗಳು. ಕೂದಲು ಕೂದಲು.

ಆಗ ಗೊತ್ತಾಯಿತು. ಮಂಜು ಕಣ್ಣಿಗೆ ಪೆನ್ಸಿಲ್ ಗುರುತು ಕಂಡಿರಲಿಲ್ಲ. ಮೇಸ್ತ್ರಿ ಉಗುರಿನಿಂದ ಹುಡುಕಿದ್ದರು. ನಯವಾಗಿ ಜಾರಿದ ಹಾಳೆ ಮಗನದು, ಉಗುರು ಸಿಕ್ಕಿಕೊಂಡದ್ದು ಮಗಳದು ಎಂದು ತೀರ್ಮಾನಿಸಿ, ಸಿಕ್ಕಿಕೊಂಡ ತೂತುಗಳಿಗೆ ಬತ್ತಿ ತುರುಕಿದ್ದರು. ಅವರಿಗೆ ಒಂದು ಗಳಿಗೆಯೂ ಅನುಮಾನ ಬಂದಿರಲಿಲ್ಲ.

ಅವಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇರಲಿ, ಅಪ್ಪ ಮಾಡಿದ್ದು ಅಪ್ಪನಿಗೆ ಇರಲಿ. ತಾನಂತೂ ಗೆದ್ದೆ ಎಂದುಕೊಂಡಳು. ಕಾಲ ಬಳಿ ಬಿದ್ದಿದ್ದ ಕಂದು ಕಾಗದದ ಕಡೆ ಆಮೇಲೆ ಕಣ್ಣು ಹೋಯಿತು. ಕತ್ತರಿ ಗುರುತು ಇದ್ದದ್ದು ಆ ಕಾಗದದ ಮೇಲೆ. ಹಾಳೆಯ ಮೇಲೆ ಈಗ ಯಾವ ಗುರುತೂ ಇರಲಿಲ್ಲ.

ಅಷ್ಟರಲ್ಲಿ ಅಣ್ಣ ಬಂದ, ಹಿಂದೆಯೇ ಅತ್ತಿಗೆ. ಅಣ್ಣ ಬಿರುಕಿನ ಹಾಳೆ ಎತ್ತಿ ಬೆಳಕಿಗೆ ಹಿಡಿದ. ಬ್ಲೇಡಿನಲ್ಲಿ ಕೆರೆದ ತನ್ನದೇ ಗೀರು ಅವನಿಗೆ ಕಂಡಿತು. ಜೇಡನ ಕಾಲೂ ಕಂಡಿತು. ಅದು ಕೈತಪ್ಪಲ್ಲ ತಿನ್ನರ್ ಎಂದು ಓದಲು ಅವನಿಗೆ ಬರುತ್ತಿತ್ತು, ಅವನೂ ಅದೇ ಮೇಸ್ತ್ರಿಯ ಶಿಷ್ಯನಲ್ಲವೇ. ಒಮ್ಮೆ ಅಪ್ಪನ ಖಾಲಿ ಕುರ್ಚಿಯ ಕಡೆ ನೋಡಿದ. ಆಮೇಲೆ ನಿಧಾನವಾಗಿ ಹಾಳೆಯನ್ನು ತಂಗಿಯ ಮುಂದಿಟ್ಟ.

"ನೋಡಿದ್ಯಾ ನಿನ್ನ ಕೈಗುಣ?"

"ಅದು ನಿಂದು ಅಣ್ಣ."

"ನಂದು ಇದು" ಎಂದು ತಿಳಿಹಾಳೆಯ ಮೇಲೆ ಕೈ ಇಟ್ಟ. "ಗುರುತು ಎಲ್ಲಿ? ಕಾಗದ ಕಿತ್ತವರು ಯಾರು? ಸೋತೋರು ಮೊದಲು ಅಳಿಸೋದೇ ಗುರುತನ್ನ."

ಮೊಂಡಿ ಅತ್ತಿಗೆಯ ಕಡೆ ತಿರುಗಿದಳು. "ಅತ್ತಿಗೆ, ನೀವೇ ನೀರು ಬಿಟ್ರಿ. ಸುರುಳಿ ಬಂದಿದ್ದು ನೋಡಿದ್ರಿ. ಅಣ್ಣನ ಬ್ಲೇಡಿನ ಗೀರು ನೋಡಿ ಇಲ್ಲಿ."

ಅತ್ತಿಗೆ ಗಂಡನ ಮುಖ ನೋಡಿದಳು. "ನನಗೇನು ತಿಳಿಯುತ್ತಮ್ಮ. ನನ್ನ ಕಣ್ಣಿಗೆ ಎರಡೂ ಒಂದೇ ಥರ. ನೀರು ಬಿಡು ಅಂದ್ರಿ, ಬಿಟ್ಟೆ."

"ಜಗಳ ಯಾಕೆ" ಎಂದ ಅಣ್ಣ, ಬಹಳ ನ್ಯಾಯವಂತನ ಹಾಗೆ. "ಅಪ್ಪ ಇದಾರಲ್ಲ. ಅವರ ಬೆರಳು ಹೇಳಲಿ."

ಮೇಸ್ತ್ರಿಯನ್ನು ಕರೆತಂದು ಮೇಜಿನ ಮುಂದೆ ನಿಲ್ಲಿಸಿದರು. ಅಂಗಿಯ ಕೆಳಗಿನ ಗುಂಡಿಗಳು ಹಾಗೇ ಬಿಚ್ಚಿದ್ದವು. ಯಾರೂ ಏನೂ ಹೇಳಿಕೊಡಲಿಲ್ಲ, ಹೇಳಿಕೊಡಬೇಕಾಗಿಯೂ ಇರಲಿಲ್ಲ. ಅವರು ಉಗುರನ್ನು ಬಿರುಕಿನ ಹಾಳೆಯ ತೂತಿಗೆ ಇಟ್ಟು ತಿರುಗಿಸಿದರು. ಉಗುರು ಕಟಕಟ ಎಂದಿತು.

"ಇಲಿ ಕಡಿದಿದೆ" ಎಂದರು. "ಇದು ಅವಳದು."

ಇನ್ನೊಂದು ಹಾಳೆ. ಉಗುರು ಸುತ್ತು ಹಾಕಿತು. ಮತ್ತೊಂದು ತೂತು, ಮತ್ತೊಂದು. ಮೇಸ್ತ್ರಿಯ ಮುಖ ಅರಳಿತು. ಬಹಳ ದಿನಗಳಿಂದ ಅಂಥ ಕೆಲಸ ಆ ಬೆರಳಿಗೆ ಸಿಕ್ಕಿರಲಿಲ್ಲ. "ಬೆಣ್ಣೆ" ಎಂದರು. "ನನ್ನ ಕಾಲದಲ್ಲಿ ನಾನೂ ಇಷ್ಟು ಚೆನ್ನಾಗಿ ಕೊರೆದಿದ್ದು ಕಮ್ಮಿ. ನೋಡಮ್ಮ, ಕೈ ಅಂದ್ರೆ ಇದು. ನಿಮ್ಮಣ್ಣನ ಕೈ."

ಅಣ್ಣ ನೆಲ ನೋಡಿದ. ಹೊರಗೆ ಕಾರಿನ ಹಾರನ್ ಕೇಳಿತು.

"ಭಾವ ಬಂದ್ರು. ಕಾಫಿಗಿಡು" ಎಂದು ಹೆಂಡತಿಗೆ ಹೇಳಿ ಅವನು ಹೊರಟ. ಅತ್ತಿಗೆಗೂ ಅಲ್ಲಿ ನಿಲ್ಲಲು ಮನಸ್ಸಿರಲಿಲ್ಲ.

ಕೋಣೆಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ಹೊರಗಿನಿಂದ ಗಂಡನ ದನಿ, "ಏನ್ ಬಾಮೈದ, ನಿಮ್ಮ ಇಂಜಿನಿಯರ್ ಮೇಡಂ ರೆಡಿನಾ?" ಅಣ್ಣನ ನಗು.

"ಅಪ್ಪ."

"ಹೂಂ."

"ನಿನ್ನೆ ಬತ್ತಿ ಇಟ್ಟಿದ್ದು ಯಾವ ಹಾಳೆಗೆ?"

ಮೇಸ್ತ್ರಿ ಕುರ್ಚಿ ತಡಕಿದರು. ಸಿಗಲಿಲ್ಲ. ಅವಳು ಕೊಡಲಿಲ್ಲ.

"ನಾನು ಅವನ ಜೊತೆ ಬಾಳಬೇಕಲ್ಲ ಮಗಳೇ" ಎಂದರು ಕೊನೆಗೆ. "ನೀನಾದ್ರೆ ಎಲ್ಲಾದ್ರೂ ಹೊಂದ್ಕೋತೀಯ. ನನಗೆ ಇನ್ನೊಂದು ಮನೆ ಇಲ್ಲ. ನಿನ್ನ ಕೈಲಿ ಹೇಗೂ ಒಡೆಯುತ್ತೆ ಅಂತಿದ್ದೆ. ಸ್ವಲ್ಪ ಮುಂಚೆ ಒಡೆದ್ರೆ ಏನು ಅಂತ."

"ನಂದು ಒಡೀಲಿಲ್ಲ. ನೀವು ಒಡೆದಿದ್ದು ಅಣ್ಣಂದು. ಈಗ ಬೆಣ್ಣೆ ಅಂದ್ರಲ್ಲ, ಅದು ನಂದು."

ಮೇಸ್ತ್ರಿಯ ಕಿರುಬೆರಳು ಮಡಚಿಕೊಂಡಿತು. ಅವರು ಕೈ ಚಾಚಿ ತಿಳಿಹಾಳೆಯನ್ನು ಮತ್ತೆ ಮುಟ್ಟಿದರು, ಒಂದು ತೂತಿನ ಅಂಚನ್ನು, ಈ ಸಲ ಉಗುರಿನಿಂದಲ್ಲ, ಬೆರಳ ತುದಿಯಿಂದ. ಬಾಯಿ ತೆರೆದರು.

"ಹಾಗಾದ್ರೆ ಅಣ್ಣನಿಗೆ ಹೇಳ್ತೀರಾ?" ಎಂದು ಕೇಳಿದಳು ಮೊಂಡಿ. "ಹೊರಗೇ ಇದಾನೆ. ಕರೀಲಾ?"

ಹೊರಗೆ ಲೋಟಗಳ ಸದ್ದು. ಮೇಸ್ತ್ರಿ ತೆರೆದ ಬಾಯಿ ಮುಚ್ಚಿಕೊಂಡರು.

ಅವಳು ಬಗ್ಗಿ ಮೇಜಿನ ಕೆಳಗಿನ ಬತ್ತಿ ಎತ್ತಿಕೊಂಡಳು. ತಿನ್ನರ್ ಬಾಟಲಿಯ ಮುಚ್ಚಳ ತಿರುಗಿಸಿದಳು. ವಾಸನೆ ಕೋಣೆಗೆ ಹರಡಿತು. ತನ್ನ ಹಾಳೆಯ ಮೊದಲನೆಯ ತೂತಿಗೆ ಬತ್ತಿ ಇಟ್ಟು, ಅಂಚಿನ ಸುತ್ತ ನಿಧಾನವಾಗಿ ತಿರುಗಿಸಿದಳು, ಕೊರೆಯುವಾಗ ಎಷ್ಟು ನಿಧಾನವೋ ಅಷ್ಟೇ.

"ಯಾರು ತಿನ್ನರ್ ತೆಗೆದಿದ್ದು?" ಎಂದರು ಮೇಸ್ತ್ರಿ.

"ನಾನೇ ಅಪ್ಪ. ನೀವು ಅರ್ಧ ಕೆಲಸ ಬಿಟ್ಟಿದ್ರಿ."

ನಾಲ್ಕನೆಯ ತೂತು ಮುಗಿಸಿ ಬತ್ತಿಯನ್ನು ಅಪ್ಪನ ಅಂಗಿಯ ಜೇಬಿಗೆ ಹಾಕಿದಳು. ಕೆಳಗಿನ ಗುಂಡಿಗಳು ಬಿಚ್ಚಿದ್ದದ್ದು ಕಂಡಿತು, ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲೇ ಹಿಂತೆಗೆದುಕೊಂಡಳು.

ಅಣ್ಣ ಒಳಗೆ ಬಂದು ತಿಳಿಹಾಳೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಮಗುವನ್ನು ಸುತ್ತುವ ಹಾಗೆ ಸುತ್ತಿದ. "ಔಷಧಿ ಅಂಗಡಿಯವರಿಗೆ ಇದನ್ನ ಈಗಲೇ ಹಾಕಿಬಿಡ್ತೀನಿ. ಇನ್ನೊಂದು ನಾಳೆ" ಎಂದ. ಮೂಗು ಎಳೆದುಕೊಂಡ. "ಏನಿದು ತಿನ್ನರ್ ವಾಸನೆ?"

ಅಣ್ಣ ಅಪ್ಪನ ಮುಖ ನೋಡಿ, ನಿನ್ನೆಯ ವಾಸನೆ ಇರಬೇಕು ಎಂದುಕೊಂಡು, ಮತ್ತೆ ಕೇಳಲಿಲ್ಲ. ಕೇಳದಿರುವುದೇ ಅವನಿಗೆ ಅನುಕೂಲವಾಗಿತ್ತು. ಆದರೆ ಸಂಜೆಯ ಹೊತ್ತಿಗೆ, ಕೌಂಟರಿನ ಮುಂದೆ ಗಿರಾಕಿಗಳ ಮೂಗಿಗೆ ನೇರವಾಗಿ, ಮೂಲೆಗೊಂದು ಜೇಡ ಕೂತಿರುತ್ತದೆ. ನಾಲ್ಕು ಸ್ಕ್ರೂಗಳಲ್ಲಿ ಬಿಗಿದು ನೇತುಹಾಕಿದ ಹಾಳೆ. ಮೇಸ್ತ್ರಿಗೆ ಎಲ್ಲ ಗೊತ್ತಿತ್ತು. ಜೇಬಿನ ಮೇಲೆ ಕೈ ಒತ್ತಿ ಹಿಡಿದು ನಿಂತಿದ್ದರು.

ಮೊಂಡಿ ಡ್ರಾಯರಿನಿಂದ ಒಂದು ಕಬ್ಬಿಣದ ಚಿಲಕ, ಒಂದು ಹಿಡಿ ಸ್ಕ್ರೂ ತೆಗೆದಳು. ಮೇಜಿನ ಮೇಲಿನ ಕೈ ಡ್ರಿಲ್ ಎತ್ತಿಕೊಂಡಳು.

"ಅದನ್ನೆಲ್ಲಿಗೆ?" ಎಂದ ಅಣ್ಣ.

"ಅಪ್ಪ ಕೊಟ್ಟಿದ್ದು. ಅಲ್ವಾ ಅಪ್ಪ?"

"ತಗೊಂಡು ಹೋಗು" ಎಂದರು ಮೇಸ್ತ್ರಿ.

ಗಂಡ ಕಾರಿನ ಬಾಗಿಲಿಗೆ ಒರಗಿ, ಚೌಕಟ್ಟಿಗೆ ಒರಗುತ್ತಿದ್ದ ಹಾಗೆಯೇ, ಕಾಫಿ ಮುಗಿಸುತ್ತಿದ್ದ. ಲೋಟ ಅತ್ತಿಗೆಯ ಕೈಗೆ ಕೊಟ್ಟ. "ಪಾಸಾ, ಫೇಲಾ?"

"ಫೇಲ್" ಎಂದಳು ಅವಳು. ಹಿಂದಿನ ಸೀಟಿನಲ್ಲಿ ಕೂತಳು.

"ಮಡಿಲಲ್ಲಿ ಅದೇನು?"

"ಡ್ರಿಲ್. ಬಚ್ಚಲಿಗೆ ಚಿಲಕ ಹಾಕ್ಬೇಕು."

ಅವನಿಗೆ ನಿಜವಾಗಿಯೂ ಖುಷಿಯಾಯಿತು. ಇಷ್ಟು ದಿನ ಆಟಕ್ಕೆ ಜೊತೆಯಿಲ್ಲದೆ ಬೇಸರವಾಗಿತ್ತು. "ಹಾಕು, ಹಾಕು. ನೀನು ಹಾಕ್ತಾ ಹೋಗು, ನಾನು ಬಿಚ್ತಾ ಹೋಗ್ತೀನಿ. ಎಷ್ಟು ತೂತು ತಡ್ಕೊಳುತ್ತೆ ಬಾಗಿಲು, ನೋಡೋಣ" ಎಂದು ಕಾರು ಹೊರಡಿಸಿದ. ತಿರುವು ದಾಟಿದ ಮೇಲೆ, ಮುಂದಿನ ಕನ್ನಡಿಯನ್ನು ರಸ್ತೆಯ ಬದಲು ಅವಳ ಮುಖ ಕಾಣುವ ಹಾಗೆ ತಿರುಗಿಸಿಕೊಂಡ.

ಅವಳು ಕನ್ನಡಿಗೆ ಸಿಗದಂತೆ, ಅವನ ಬೆನ್ನಿನ ಹಿಂದಕ್ಕೆ ಸರಿದು ಕೂತಳು. ಬೈರಿಗೆ ಬಿಗಿಯಾಗಿದೆಯೇ ಎಂದು ನೋಡಲು ಡ್ರಿಲ್ಲಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದಳು. ಎಣ್ಣೆ ಬಿಟ್ಟ ಚಕ್ರ, ಸದ್ದಾಗಲಿಲ್ಲ. ಮೊನೆ ಅವನ ಬೆನ್ನಿನ ಕಡೆಗಿತ್ತು.

"ಏನ್ ಮಾಡ್ತಿದೀಯ ಹಿಂದೆ?" ಎಂದ ಅವನು.